ಮಂಚದ ಕಾಲು ಕತ್ತರಿಸಿದ ಭಾನುವಾರ

ಆಚಾರ್ರು ಬಂದಾಗ ಬೆಳಿಗ್ಗೆ ಹತ್ತೂಕಾಲು. ಮಂಚದ ಸುತ್ತ ಒಂದು ರೌಂಡ್ ಹಾಕಿದ್ರು, ಕಾಲನ್ನ ಉಗುರಲ್ಲಿ ಕೆರೆದು ನೋಡಿದ್ರು, ಬೆರಳಲ್ಲಿ ಟಕಟಕ ಅಂತ ಬಡಿದ್ರು, "ತೇಗ ಅಲ್ವಾ ಮೇಡಂ, ಹಳೇ ಮಾಲು, ಈಗೆಲ್ಲಿ ಸಿಗುತ್ತೆ ಇಂಥದ್ದು" ಅಂದ್ರು. ಆಮೇಲೆ "ಗೆದ್ಲು ಎಲ್ಲಿ ಹಿಡಿದಿರೋದು?" ಅಂತ ಕೇಳಿದ್ರು. ಗೆದ್ಲು ಗಿದ್ಲು ಏನಿಲ್ಲ, ನಾಲ್ಕೂ ಕಾಲು 9 ಇಂಚು ಕಟ್ ಮಾಡ್ಬೇಕು ಅಷ್ಟೇ ಅಂದೆ. ಯಾಕೆ ಅಂದ್ರು. ನಾನು ಸೊಂಟ ನೋವು ಅಂತ ಏನಾದ್ರೂ ಹೇಳೋಣ ಅಂದ್ಕೊಳ್ಳೋಷ್ಟರಲ್ಲಿ ಬಾಗಿಲ ಹತ್ರ ನಿಂತಿದ್ದ ಅಮ್ಮ "ನಾಯಿಗೆ ಹತ್ತಕ್ಕಾಗಲ್ವಂತೆ" ಅಂದ್ಬಿಟ್ರು. ಆಚಾರ್ರು ಕೈಲಿದ್ದ ಟೇಪು ಕೆಳಗಿಟ್ಟು ನನ್ನ ನೋಡಿದ್ರು, ಅಮ್ಮನ್ನ ನೋಡಿದ್ರು, ಆಮೇಲೆ ಬಗ್ಗಿ ಮಂಚದ ಕೆಳಗೆ ಮಲಗಿದ್ದ ರಾಗೀನ ನೋಡಿದ್ರು. ರಾಗಿ ಒಂದು ಕಣ್ಣು ಮಾತ್ರ ತೆಗೆದು ಮತ್ತೆ ಮುಚ್ಕೊಂಡ್ಲು.

ಈ ಮಂಚ ಅಮ್ಮನ ಅಪ್ಪಂದು. ಅರಸೀಕೆರೆ ಕಡೆ ಹಳ್ಳಿ ಮನೆ ಮಾರಿದಾಗ ಬೇರೆ ಎಲ್ಲಾ ಸಾಮಾನು ಯಾರ್ಯಾರಿಗೋ ಹಂಚಿಹೋಯ್ತು, ಅಮ್ಮ ಕೇಳಿ ತಗೊಂಡಿದ್ದು ಇದೊಂದೇ, ಟೆಂಪೋದಲ್ಲಿ ಹಾಕಿಸ್ಕೊಂಡು ಬೆಂಗಳೂರಿಗೆ ತಂದಿದ್ರು. ಕಡೆಸಿದ ಕಾಲು, ಒಂದೊಂದರಲ್ಲೂ ಬಳೆ ಬಳೆ ಥರ ಉಂಗುರ. ಹಳೇ ಕಾಲದ ಮಂಚ ಅಂದ್ಮೇಲೆ ಕೇಳ್ಬೇಕಾ, ಕೆಳಗೆ ಎರಡು ಟ್ರಂಕು, ಒಂದು ಅಕ್ಕಿ ಮೂಟೆ ಆರಾಮಾಗಿ ಹಿಡಿಯೋಷ್ಟು ಎತ್ತರ. ಹಾಸಿಗೆ ಎಲ್ಲಾ ಸೇರಿ ನೆಲದಿಂದ 26 ಇಂಚು, ನಾನೇ ಅಳೆದಿದ್ದೆ. ಅಂದ್ರೆ ನಾನು ಕತ್ತರಿಸೋಕೆ ಹೊರಟಿದ್ದು ನನ್ನ ಮಂಚ ಅಲ್ಲ, ನಮ್ಮಮ್ಮನ ತವರು. ಇದು ಗೊತ್ತಿದ್ದೂ ಹೊರಟಿದ್ದೆ.

ರಾಗಿ ಸಿಕ್ಕಿದ್ದು 2013ರಲ್ಲಿ, ಬಸವನಗುಡಿ ಕಡಲೆಕಾಯಿ ಪರಿಷೆ ಮುಗಿದ ಮಾರನೇ ದಿನ. ಕಾರ್ತೀಕದ ಕೊನೇ ಸೋಮವಾರ ಪರಿಷೆ, ಮಂಗಳವಾರ ಬೆಳಿಗ್ಗೆ ಆ ರೋಡ್ ನೋಡ್ಬೇಕು ನೀವು, ಕಡಲೆಕಾಯಿ ಸಿಪ್ಪೆ ಮೇಲೇ ನಡೀಬೇಕು. ಆ ಸಿಪ್ಪೆ ರಾಶೀಲಿ ರಾಗಿ ಮುದ್ದೆ ಬಣ್ಣದ ಒಂದು ಮರಿ ಕೂತ್ಕೊಂಡು ಗಾಂಭೀರ್ಯದಿಂದ ಖಾಲಿ ಸಿಪ್ಪೆ ಅಗೀತಾ ಇತ್ತು. ಮನೆಗೆ ಬಂತು, ಅಷ್ಟೇ ಕಥೆ. ನಮ್ಮನೆಯವರು ಅವತ್ತೇ ಒಂದು ರೂಲ್ ಮಾಡಿದ್ರು: ಮಂಚದ ಮೇಲೆ ಮಾತ್ರ ಬೇಡ. ನಾನೂ ಹೂಂ ಅಂದೆ, ಮನಸ್ಪೂರ್ತಿಯಾಗೇ ಅಂದೆ. ನನಗೆ ಈ ಪೆಟ್ ಪೇರೆಂಟ್ ಅನ್ನೋ ಮಾತು ಕೇಳಿದ್ರೇನೇ ಮೈ ಉರಿಯುತ್ತೆ, ನಾಯಿ ನಾಯೀನೇ, ನಾನು ಅದರ ಅಮ್ಮ ಅಲ್ಲ. ಮೂಲೇಲಿ ಗೋಣಿಚೀಲ, ಅದರ ಮೇಲೆ ನನ್ನ ಹಳೇ ಸ್ವೆಟರ್, ಡಿಸೆಂಬರ್ ಚಳಿಗೆ ಅದು ಧಾರಾಳ.

ಆ ರೂಲು ಮುಂದಿನ ದೀಪಾವಳಿವರೆಗೆ ಬಾಳ್ತು. ನರಕ ಚತುರ್ದಶಿ ರಾತ್ರಿ ನಮ್ಮ ರೋಡಲ್ಲಿ ಯಾರೋ ಒಂದು ಸಾವಿರದ ಸರ ಹಚ್ಚಿದ್ರು. (2018ರಲ್ಲಿ ಸುಪ್ರೀಂ ಕೋರ್ಟು ರಾತ್ರಿ 8ರಿಂದ 10ರ ತನಕ ಮಾತ್ರ ಪಟಾಕಿ ಅಂತ ಹೇಳ್ತಲ್ಲ, ನಮ್ಮ ರೋಡಿನ ಗಡಿಯಾರ ಅದನ್ನ ಇನ್ನೂ ಓದಿಲ್ಲ.) ನಾವು ರಾಗೀನ ಬಾತ್‌ರೂಮಲ್ಲಿ ಕೂರಿಸಿದ್ವಿ, ಮಂಚದ ಕೆಳಗೆ ಬಿಟ್ವಿ, ರೇಡಿಯೋ ಜೋರಾಗಿ ಹಾಕಿದ್ವಿ, ಏನ್ ಮಾಡಿದ್ರೂ ನಡುಗೋದು ನಿಲ್ಲಲಿಲ್ಲ, ಜೊಲ್ಲು ಬೇರೆ ಧಾರೆ ಧಾರೆ ಸುರೀತಿತ್ತು. ರಾತ್ರಿ ಹನ್ನೆರಡೂವರೆಗೆ 26 ಇಂಚನ್ನ ಒಂದೇ ನೆಗೆತಕ್ಕೆ ಹಾರಿ ಬಂದು ನಮ್ಮಿಬ್ಬರ ಮಧ್ಯೆ ರಗ್ಗಿನೊಳಗೆ ನುಗ್ಗಿ ನಮ್ಮನೆಯವರ ಕಂಕುಳಲ್ಲಿ ಮೂತಿ ಇಟ್ಕೊಂಡ್ಲು. ರೂಲ್ ಮಾಡಿದ್ದು ಅವರು ತಾನೇ, ಅವರೇ ಇಳಿಸ್ಲಿ ಅಂತ ನಾನು ಸುಮ್ನಿದ್ದೆ. ಅವರು "ಇವತ್ತೊಂದಿನ" ಅಂದ್ರು. ಬಲಿಪಾಡ್ಯಮಿ ದಿನಾನೂ ಇವತ್ತೊಂದಿನ ಆಯ್ತು. ತುಳಸಿ ಹಬ್ಬ ಬರೋ ಹೊತ್ತಿಗೆ ಅವಳಿಗೆ ತನ್ನದೇ ಜಾಗ ಅಂತ ಆಗಿತ್ತು, ನನ್ನ ಮಂಡಿ ಹಿಂದೆ, ಗೋಡೆ ಕಡೆ.

ಮಂಡಿ ಹಿಂದೆ ನಾಯಿ ಮಲಗಿದ್ರೆ ಹೇಗಿರುತ್ತೆ ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ. ನಾಯಿ ಮೈ ಬಿಸಿ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟು ಅವಕ್ಕೆ ನಾರ್ಮಲ್ಲು, ನಮಗೆ ಅಷ್ಟಿದ್ರೆ ಆಫೀಸಿಗೆ ರಜ ಹಾಕ್ತೀವಿ. ಜನವರೀಲಿ ಅದಕ್ಕಿಂತ ಸುಖ ಇಲ್ಲ. ಏಪ್ರಿಲಲ್ಲಿ ಅದೇ ಶಿಕ್ಷೆ, ಫ್ಯಾನ್ ಐದರಲ್ಲಿದ್ರೂ ಒಂದು ಕಾಲು ಇಡ್ಲಿ ಪಾತ್ರೆಯೊಳಗೆ ಇಟ್ಟಂಗೆ. ಜೊತೆಗೆ ಕನಸು ಕಾಣ್ತಾಳೆ, ನಿದ್ದೇಲೇ ಬೊಫ್ ಬೊಫ್ ಅಂತಾಳೆ, ನಾಲ್ಕೂ ಕಾಲಲ್ಲಿ ಓಡ್ತಾಳೆ, ಹಂಗೆ ಓಡಿದ್ದು ನನ್ನ ತೊಡೆ ಮೇಲೆ ಗೀರು ಗೀರಾಗಿ ಬೆಳಿಗ್ಗೆ ಕಾಣ್ಸುತ್ತೆ. ಹದಿನೈದು ಕೆಜಿ ನಾಯಿ ಮಲಗಿದ್ಮೇಲೆ ಮೂವತ್ತು ಕೆಜಿ ಹೇಗಾಗುತ್ತೋ ಆ ದೇವ್ರೇ ಬಲ್ಲ.

ನಮ್ಮನೆಯವರಿಗೆ ಎಲ್ಲಾದಕ್ಕೂ ಡೇಟಾ ಬೇಕು, ಸಾಫ್ಟ್‌ವೇರಲ್ಲಿರೋರ ಹಣೆಬರಹ. ಒಂದಿನ ಫೋನಲ್ಲಿ ಹುಡುಕಿ ತಂದ್ರು: ಅಮೆರಿಕದ ಮೇಯೋ ಕ್ಲಿನಿಕ್‌ನೋರು 2017ರಲ್ಲಿ ಒಂದು ಸ್ಟಡಿ ಬರೆದಿದ್ದಾರೆ, 40 ಜನ, ಏಳು ರಾತ್ರಿ, ಮನುಷ್ಯರ ಕೈಗೂ ನಾಯಿ ಕುತ್ತಿಗೆಗೂ ಅಲುಗಾಟ ಅಳೆಯೋ ಪುಟ್ಟ ಮೆಷಿನ್ ಕಟ್ಟಿ. ನಾಯಿ ರೂಮಲ್ಲಿ ಬೇರೆ ಕಡೆ ಮಲಗಿದ್ರೆ ಹಾಸಿಗೇಲಿ ಕಳೆದ ಹೊತ್ತಿನಲ್ಲಿ 83 ಪರ್ಸೆಂಟ್ ನಿಜವಾದ ನಿದ್ದೆ, ನಾಯಿ ಹಾಸಿಗೆ ಮೇಲೇ ಬಂದ್ರೆ 80. "ನೋಡು, ರೂಮಲ್ಲಿರ್ಲಿ, ಮಂಚದ ಮೇಲೆ ಬೇಡ ಅಂತಾನೇ ಸೈನ್ಸೂ ಹೇಳೋದು" ಅಂದ್ರು. ನಾನು ಲೆಕ್ಕ ಹಾಕ್ದೆ. ಎಂಟು ಗಂಟೆಗೆ ಮೂರು ಪರ್ಸೆಂಟ್ ಅಂದ್ರೆ ಹದಿನಾಲ್ಕು ನಿಮಿಷ ಚಿಲ್ಲರೆ. ನಿಮ್ಮ ಗೊರಕೆಗೆ ನಾನು ದಿನಾ ಎಷ್ಟು ನಿಮಿಷ ಕಳ್ಕೋತೀನಿ ಅಂತ ಯಾವ ಕ್ಲಿನಿಕ್‌ನೋರು ಬರೆದಿದ್ದಾರೆ ಅಂತ ಕೇಳ್ದೆ. ಫೋನ್ ಜೇಬಿಗೆ ಹಾಕ್ಕೊಂಡ್ರು.

ಅಮ್ಮನ ತಕರಾರು ಬೇರೆ, ಅದಕ್ಕೆ ಡೇಟಾ ಬೇಕಿಲ್ಲ. "ನಮ್ಮೂರಲ್ಲಿ ನಾಯಿ ಬಚ್ಚಲ ಒಲೆ ಬೂದೀಲಿ ಮಲಗೋದು, ಬೆಳಿಗ್ಗೆ ನೀರು ಕಾಸೋಕೆ ಹೋದ್ರೆ ಮೈ ಕೊಡವ್ಕೊಂಡು ಎದ್ದು ಹೋಗೋದು, ಅದಕ್ಕೂ ಮರ್ಯಾದೆ ನಮಗೂ ಮರ್ಯಾದೆ" ಅಂತ ಬಂದಾಗೆಲ್ಲ ಹೇಳೋರು. ಮಧ್ಯಾಹ್ನ ಊಟ ಆದ್ಮೇಲೆ ಅಪ್ಪನ ಮಂಚದ ಮೇಲೇ ಒಂದು ಗಂಟೆ ಮಲಗ್ಬೇಕು ಅವರಿಗೆ, ಅದಕ್ಕೆ ತಮ್ಮದೇ ಬೆಡ್‌ಶೀಟು ಚೀಲದಲ್ಲಿ ಮಡಚಿ ತರೋರು, ಹಾಸೋಕೆ ಮುಂಚೆ ಪೊರಕೆ ತಗೊಂಡು ಹಾಸಿಗೇನ ಹೊಡೆಯೋ ಸದ್ದು ಕೇಳಿದ್ರೆ ನನಗೇ ಹೊಡೆದಂಗಿರ್ತಿತ್ತು. ಬೇಕಂತಲೇ ಹಂಗೆ ಹೊಡೀತಿದ್ರು, ನನಗ್ಗೊತ್ತು.

ಮತ್ತೆ ಅಮ್ಮನ ಮಾತು ಪೂರ್ತಿ ತಪ್ಪೂ ಅಲ್ಲ ಅಂತ 2018ರಲ್ಲಿ ಗೊತ್ತಾಯ್ತು. ರಾಗಿ ಎರಡು ದಿನ ಊಟ ಬಿಟ್ಲು, ಮೂರನೇ ದಿನ ಮೂಗಲ್ಲಿ ರಕ್ತ, ದಿಂಬಿನ ಕವರ್ ಮೇಲೆ ಕಂಡು ನನ್ನದೇ ಅಂದ್ಕೊಂಡಿದ್ದೆ. ಡಾಕ್ಟ್ರು ತುಟಿ ಎತ್ತಿ ವಸಡು ನೋಡಿದ್ರು, ಬಿಳಿಚ್ಕೊಂಡಿತ್ತು. ಬ್ಲಡ್ ಟೆಸ್ಟಲ್ಲಿ ಪ್ಲೇಟ್‌ಲೆಟ್ಟು 38 ಸಾವಿರ, ಎರಡು ಲಕ್ಷಕ್ಕಿಂತ ಮೇಲಿರ್ಬೇಕಂತೆ. ಟಿಕ್ ಫೀವರ್. ಉಣ್ಣೆ ಹುಳ ಕಚ್ಚಿ ಬರೋದು, ಬೆಂಗಳೂರಲ್ಲಿ ನಾಯಿ ಸಾಕಿರೋರಿಗೆ ಇದರ ಹೆಸರು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಖಾಲಿ ಹೊಟ್ಟೇಲಿ ಕೊಟ್ರೆ ವಾಂತಿ, ಹಂಗಾಗಿ ಮೊಸರನ್ನದ ಉಂಡೆಯೊಳಗೆ ಮುಚ್ಚಿ ಕೊಡೋದು, ಅನ್ನ ಮಾತ್ರ ತಿಂದು ಮಾತ್ರೇನ ಪಕ್ಕಕ್ಕೆ ಉಗಿಯೋದು, ಮತ್ತೆ ಉಂಡೆ ಕಟ್ಟೋದು.

ನಾನು ದಿನಾ ಬಾಚ್ತೀನಿ, ಉಣ್ಣೆ ಎಲ್ಲಿಂದ ಬಂತು ಸಾರ್ ಅಂದೆ. ಅವರು ನಕ್ಕು, ನಾಯಿ ಮೈಮೇಲೆ ಕಾಣೋದು ಸ್ವಲ್ಪ, ರಕ್ತ ಕುಡಿದು ಉದುರಿಬಿಟ್ಟು ಗೋಡೆ ಬಿರುಕು, ಸ್ಕರ್ಟಿಂಗು, ಮಂಚದ ಸಂದು ಅಲ್ಲೆಲ್ಲ ಸೇರ್ಕೊಂಡಿರುತ್ತೆ, ಒಂದು ಹೆಣ್ಣು ಉಣ್ಣೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ ಅಂದ್ರು. ಮಂಚದ ಸಂದು ಅಂದಿದ್ದೇ ತಡ ನಾನು ಮನೆಗೆ ಬಂದು ಹಾಸಿಗೆ ಎತ್ತಿ ಟಾರ್ಚ್ ಬಿಟ್ಟೆ. ಇತ್ತು. ಕಾಲು ಪಟ್ಟಿಗೆ ಸೇರೋ ಜಾಗದಲ್ಲಿ, ತಾತ ಮಾಡಿಸಿದ ಅಷ್ಟು ಚೆಂದದ ಕೆತ್ತನೆ ಒಳಗೆ, ಬೂದು ಬಣ್ಣದ ಹೆಸರುಕಾಳು ಥರ ನಾಲ್ಕೈದು. ಆ ರಾತ್ರಿ ನಾವಿಬ್ಬರೂ ಹಾಲಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ವಿ, ಮೈಮೇಲೆಲ್ಲ ಏನೋ ಹರಿದಂಗೆ. ಮಾರನೇ ದಿನ ಮಂಚ ಬಿಚ್ಚಿ ಟೆರೇಸಿಗೆ ತಗೊಂಡು ಹೋಗಿ ಸಂದು ಸಂದಿಗೂ ಕುದಿಯೋ ನೀರು ಹುಯ್ದು ಬಿಸಿಲಿಗೆ ಇಟ್ವಿ. ಅಮ್ಮಂಗೆ ಫೋನಲ್ಲಿ ಹೇಳ್ಲಿಲ್ಲ. ಹೇಳೋಕೆ ಧೈರ್ಯ ಇರ್ಲಿಲ್ಲ ಅನ್ನೋದು ಸರಿ.

ಹಂಗಾದ್ರೆ ಇನ್ಮೇಲೆ ಮಂಚದ ಮೇಲೆ ಬೇಡ್ವಾ ಅಂತ ಡಾಕ್ಟ್ರನ್ನೇ ಕೇಳ್ದೆ. ಅವರು ಸೀದಾ ಹೇಳಿದ್ರು: ಈ ಜ್ವರ ನಾಯಿ ಪಕ್ಕ ಮಲಗಿದ್ದಕ್ಕೆ ಅಂಟಲ್ಲ, ಉಣ್ಣೇನೇ ಕಚ್ಬೇಕು, ಹಂಗಾಗಿ ಉಣ್ಣೆಗೆ ತಿಂಗಳಿಗೊಂದು ಮಾತ್ರೆ ತಪ್ಪಿಸ್ಬೇಡಿ, ಜಂತು ಮಾತ್ರೆ ಮೂರು ತಿಂಗಳಿಗೊಂದು, ರೇಬೀಸ್ ಇಂಜೆಕ್ಷನ್ ವರ್ಷಕ್ಕೊಂದು, ಬೆಡ್‌ಶೀಟು ವಾರಕ್ಕೊಂದ್ಸಲ ಬಿಸಿನೀರಲ್ಲಿ. ಹಸುಗೂಸು ಇರೋ ಮನೆ, ಕೀಮೋ ನಡೀತಿರೋರು ಇರೋ ಮನೆ ಆದ್ರೆ ಖಂಡಿತ ಬೇಡ. ಗಾಯ ನೆಕ್ಕೋಕೆ ಬಿಡ್ಬೇಡಿ. "ಮಿಕ್ಕಿದ್ದು ನಿಮ್ಮ ಮನೆ ವಿಷ್ಯ, ನನ್ನ ಮನೇಲಿ ಎರಡು ಮಲಗ್ತವೆ" ಅಂದ್ರು. ಫ್ರಿಜ್ ಮೇಲೆ ಕ್ಯಾಲೆಂಡರಲ್ಲಿ ಈಗ್ಲೂ ಒಂದನೇ ತಾರೀಕು ಉಣ್ಣೆ ಅಂತ ಕೆಂಪಲ್ಲಿ ಬರೆದಿರುತ್ತೆ, ನೋಡಿದೋರು ಸಂಕ್ರಾಂತಿ ಪಂಕ್ರಾಂತಿ ಏನೋ ಅಂದ್ಕೋತಾರೆ.

ಈಗ ಅವಳಿಗೆ 12. ಹೋದ ವರ್ಷದಿಂದ ಹಿಂಗಾಲು ಸೋಲೋಕೆ ಶುರುವಾಯ್ತು. ಟೈಲ್ಸ್ ಮೇಲೆ ಜಾರ್ತಾಳೆ, ಕೂತು ಏಳುವಾಗ ನಮ್ಮಮ್ಮನ ಥರಾನೇ ಒಂದು ನಿಟ್ಟುಸಿರು. ಎಕ್ಸ್‌ರೇ ನೋಡಿ ಸೊಂಟದ ಕೀಲು ಸವೆದಿದೆ ಅಂದ್ರು, ಹಾರೋದು ಬೇಡ, ಹತ್ತೋದಕ್ಕಿಂತ ಧುಮುಕೋದು ಇನ್ನೂ ಕೆಟ್ಟದ್ದು, ಪೂರ್ತಿ ಭಾರ ಮುಂಗಾಲಿಗೆ ಬೀಳುತ್ತೆ ಅಂದ್ರು. ಆನ್‌ಲೈನಲ್ಲಿ ಇಳಿಜಾರು ಹಲಗೆ ತರಿಸಿದ್ವಿ, ಅದರ ಮೇಲೆ ಕಾಲಿಡೋದಿರ್ಲಿ ಅದಿರೋ ರೂಮಿಗೇ ಬರ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಂಚದ ಪಕ್ಕ ನಿಂತು ಗಲ್ಲ ಹಾಸಿಗೆ ಮೇಲಿಟ್ಟು ನೋಡ್ತಾಳೆ, ಎತ್ತಿಸ್ಕೋತಾಳೆ, ಎರಡು ಗಂಟೆಗೆ ಮೂತ್ರಕ್ಕೆ ಇಳಿಸ್ಬೇಕು, ಮತ್ತೆ ಎತ್ಬೇಕು. ನನ್ನ ಸೊಂಟಕ್ಕೂ ಎಕ್ಸ್‌ರೇ ತೆಗೆಸೋ ಕಾಲ ಬಂತು. ಒಂದು ರಾತ್ರಿ ನಮಗೆ ಎಚ್ಚರ ಆಗಿಲ್ಲ, ಅವಳೇ ಧುಮುಕಿ ಬಿದ್ದು ಕುಂಯ್ ಅಂದಿದ್ದಕ್ಕೆ ಎದ್ವಿ. ಬೆಳಿಗ್ಗೇನೇ ಆಚಾರ್ರಿಗೆ ಫೋನ್ ಮಾಡ್ದೆ.

ಅಮ್ಮಂಗೆ ಹೇಳಿದಾಗ ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. "ಅದರ ಕಾಲಿಗೆ ತಗ್ಗು ಬೇಕು, ನನ್ನ ಮಂಡಿಗೆ ಎತ್ತರ ಬೇಕು, ಕಟ್ ಮಾಡಿಸ್ಬಿಟ್ರೆ ನಾನು ಕೂತ್ರೆ ಏಳೋದು ಹೆಂಗೆ?" ಅಂತ ಕೇಳಿದ್ರು. ಕೇಳಿದ್ದು ನ್ಯಾಯ. ನನ್ನ ಹತ್ರ ಉತ್ತರ ಇರ್ಲಿಲ್ಲ. ನೀನು ತಿಂಗಳಿಗೆ ನಾಲ್ಕು ದಿನ ಮಲಗೋದು, ಅವಳು ದಿನಾ ಮಲಗೋದು ಅಂತ ಬಾಯಿ ತುದಿಗೆ ಬಂದಿತ್ತು, ನುಂಗ್ಕೊಂಡೆ, ಆದ್ರೂ ಮುಖದಲ್ಲಿ ಕಂಡಿರ್ಬೇಕು. "ಮಾಡಿಸ್ಕೊಳ್ಳೇ, ನಿನ್ನ ಮನೆ" ಅಂದ್ಬಿಟ್ಟು ಅಡುಗೆಮನೆಗೆ ಹೋದ್ರು. ಕಟ್ ಮಾಡೋ ದಿನಕ್ಕೆ ಸರಿಯಾಗಿ ಮಾತ್ರ ಬಂದು ನಿಂತಿದ್ರು.

ಗರಗಸ ಹಾಕಿದಾಗ ಒಂದು ವಾಸನೆ ಬಂತು ನೋಡಿ, ಅಷ್ಟು ವರ್ಷದ ಮರ, ಒಳಗೆ ಇನ್ನೂ ಎಣ್ಣೆ ಎಣ್ಣೆ ಘಮ. ಮೆಷಿನ್ ಇತ್ತು ಅವರ ಹತ್ರ, "ಇದಕ್ಕೆ ಕೈಯಲ್ಲೇ ಕುಯ್ತೀನಿ" ಅಂದ್ರು ಆಚಾರ್ರು. ಅಮ್ಮ ಮಾತಾಡ್ಲಿಲ್ಲ. ಮೊದಲನೇ ತುಂಡು ಕೆಳಗೆ ಬಿದ್ದಾಗ ಎತ್ಕೊಂಡು ಸೆರಗಲ್ಲಿ ಹೊಟ್ಟು ಒರೆಸಿ, ಉಂಗುರದ ಮೇಲೆ ಹೆಬ್ಬೆರಳು ಆಡಿಸ್ತಾ ಕೂತಿದ್ರು. ನನಗೆ ಆಗ ನಿಜವಾಗ್ಲೂ ತಪ್ಪು ಮಾಡ್ದೆ ಅನ್ನಿಸ್ತು, ನಿಲ್ಸಿ ಅನ್ನೋಣ ಅಂದ್ರೆ ಒಂದು ಕಾಲು ಆಗ್ಲೇ ಗಿಡ್ಡ, ಇನ್ನು ನಿಲ್ಸಿದ್ರೆ ಮೂರು ಉದ್ದ ಒಂದು ಗಿಡ್ಡದ ಮಂಚ. ನಾಲ್ಕೂ ಆಯ್ತು, ಉಪ್ಪುಕಾಗದ ಉಜ್ಜಿ, ಕೆಳಗೆ ರಬ್ಬರ್ ಬಡಿದು, ಹಾಸಿಗೆ ಹಾಕಿ ಅಳೆದ್ರೆ 17 ಇಂಚು.

ಕೂಲಿ ಕೇಳಿದಾಗ ಅಮ್ಮ ಮಧ್ಯೆ ಬಂದ್ರು. "ಆಚಾರ್ರೇ, ಇನ್ನೊಂದು ಸಣ್ಣ ಕೆಲಸ ಇದೆ" ಅಂತ ಕೈಲಿದ್ದ ತುಂಡು ತೋರಿಸಿ ಹಾಲಿನ ದಿವಾನ್ ಹತ್ರ ಕರ್ಕೊಂಡು ಹೋದ್ರು. ಆ ದಿವಾನ್ ಬರೀ ಒಂದಡಿ ಎತ್ತರ, ಅಮ್ಮ ಅದರ ಮೇಲೆ ಯಾವತ್ತೂ ಕೂತೋರಲ್ಲ, ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು. ಆಚಾರ್ರಿಗೆ ತಕ್ಷಣ ಅರ್ಥ ಆಯ್ತು, ನನಗಾಗ್ಲಿಲ್ಲ. ನಾಲ್ಕೂ ತುಂಡಿಗೆ ತೂತು ಕೊರೆದು, ಗೂಟ ಹಾಕಿ, ಫೆವಿಕಾಲ್ ಹಚ್ಚಿ ದಿವಾನಿನ ಕಾಲಿನ ಕೆಳಗೆ ಜೋಡಿಸಿದ್ರು. ಮೇಲೆ ಪ್ಲೈವುಡ್ಡು, ಕೆಳಗೆ ಅರಸೀಕೆರೆ ತೇಗ. ಸಾಯಂಕಾಲ ಗಮ್ ಒಣಗಿದ್ಮೇಲೆ ಅಮ್ಮ ಕೂತು ನೋಡಿದ್ರು, ಯಾರ ಕೈಯೂ ಹಿಡೀದೆ ಎದ್ರು, ಮತ್ತೆ ಕೂತ್ರು.

ರಾತ್ರಿ ರಾಗಿ ಮಂಚದ ಹತ್ರ ಬಂದು, ಅಭ್ಯಾಸದಂತೆ ಗಲ್ಲ ಇಡೋಕೆ ಹೋದ್ರೆ ಹಾಸಿಗೆ ಅವಳು ನೆನೆಸಿದ ಜಾಗದಲ್ಲಿರ್ಲಿಲ್ಲ. ಮೂಸಿದ್ಲು. ಮುಂಗಾಲು ಇಟ್ಲು, ಸ್ವಲ್ಪ ಯೋಚನೆ ಮಾಡಿ ಹಿಂಗಾಲೂ ಎಳ್ಕೊಂಡ್ಲು. ನನ್ನ ಮಂಡಿ ಹಿಂದೆ ಮೂರು ಸುತ್ತು ಹಾಕಿ ಧಪ್ ಅಂತ ಬಿದ್ಲು.

ಮಾರನೇ ದಿನ ಮಧ್ಯಾಹ್ನ ಅಮ್ಮ ಊಟ ಆದ್ಮೇಲೆ ದಿವಾನ್ ಮೇಲೆ ಬೆಡ್‌ಶೀಟು ಹಾಸಿದ್ರು. ಪೊರಕೆ ತರ್ಲಿಲ್ಲ. ರಾಗಿ ಅಲ್ಲಿಗೂ ಹೋಗಿ ಕೆಳಗೆ ನಿಂತು ಗಲ್ಲ ಮೇಲಿಟ್ಟು ನೋಡಿದ್ಲು. ಅಮ್ಮ ಆರಾಮಾಗಿ ಮಗ್ಗುಲಾಗಿ, "ಏನ್ ನೋಡ್ತೀಯ, ಇದು ನಂದು, ಹೋಗು" ಅಂತ ಅಂದು ಮುಸುಕೆಳ್ಕೊಂಡ್ರು.