60 ಗೌನುಗಳ ರ‍್ಯಾಕ್: ವಧುವಿನ ಉಡುಪಿನ ಅಂಗಡಿಗೆ ಸ್ಯಾಂಪಲ್ ಆರಿಸುವ ಲೆಕ್ಕ

ವಧುವಿನ ಗೌನು ಮಾರುವ ಅಂಗಡಿಯ ರ‍್ಯಾಕಿನಲ್ಲಿ ತೂಗುವುದರಲ್ಲಿ ಬಹುಪಾಲು ಸ್ಯಾಂಪಲ್‌ಗಳೇ. ವಧು ಅದನ್ನು ಹಾಕಿ ನೋಡುತ್ತಾಳೆ, ಒಪ್ಪಿದರೆ ಅವಳ ಅಳತೆಗೆ ಹತ್ತಿರದ ಸೈಜಿನಲ್ಲಿ ತಯಾರಕರಿಗೆ ಆರ್ಡರ್ ಹೋಗುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಲ್ಲಿ ಹೊಸ ಗೌನು ಬರುತ್ತದೆ. ಆದ್ದರಿಂದ ಸಿದ್ಧ ಉಡುಪಿನ ಅಂಗಡಿಯವರು ಕೇಳಿಕೊಳ್ಳುವ ‘ಎಷ್ಟು ಪೀಸ್ ತರಿಸಬೇಕು’ ಎಂಬ ಪ್ರಶ್ನೆ ಇಲ್ಲಿ ಅಷ್ಟಾಗಿ ಏಳುವುದಿಲ್ಲ. ರ‍್ಯಾಕಿನಲ್ಲಿರುವ ಬೇರಾವ ಗೌನೂ ಮಾಡದ ಯಾವ ಕೆಲಸವನ್ನು ಈ ಗೌನು ಮಾಡುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ, ಅದು ಎಷ್ಟೇ ಚೆಂದವಿರಲಿ, ತರಿಸಬಾರದು.

ಇದಕ್ಕೆ ಕಾರಣ ಸರಳ ಲೆಕ್ಕ. ಸ್ಯಾಂಪಲ್‌ನ ಸಗಟು ಬೆಲೆ 100 ಎಂದುಕೊಳ್ಳಿ, ಮಾರುವ ಬೆಲೆ 220. ಒಂದು ಆರ್ಡರ್ ಬಂದರೆ 100 ತಯಾರಕರಿಗೆ ಹೋಗಿ 120 ಉಳಿಯುತ್ತದೆ. ಅಂದರೆ ಮೊದಲ ಆರ್ಡರ್ ಸ್ಯಾಂಪಲ್‌ನ ಹಣವನ್ನು ಮರಳಿಸುವುದರಲ್ಲೇ ಮುಗಿಯಿತು. ಬಾಡಿಗೆ, ಸಂಬಳ, ಹೊಲಿಗೆಯವರ ಖರ್ಚಿಗೆ ಹಣ ಹುಟ್ಟುವುದು ಎರಡನೆಯದರಿಂದ. ಒಂದು ಸ್ಯಾಂಪಲ್ ತನ್ನ ಆಯುಷ್ಯದಲ್ಲಿ ಮೂರು ಆರ್ಡರ್ ತರಬಲ್ಲುದೇ ಎಂಬುದನ್ನೇ ಆಯ್ಕೆಯ ಗೆರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಬಗೆಯ ಎರಡು ಗೌನು ತೂಗುಹಾಕಿದರೆ ಆ ಮೂರು ಆರ್ಡರ್ ಎರಡಕ್ಕೆ ಹಂಚಿಹೋಗುತ್ತದೆ, ಎರಡೂ ಆ ಗೆರೆ ಮುಟ್ಟದೆ ನಿಲ್ಲುತ್ತವೆ. ವಿ-ಕತ್ತು, ಲೇಸ್ ಮೇಲ್ಭಾಗ, ಟ್ಯೂಲ್ ಎಂಬ ತೆಳು ಜಾಲರಿ ಬಟ್ಟೆಯ ಲಂಗ, ಸೊಂಟದಿಂದ ಕೆಳಗೆ ಅಗಲವಾಗುತ್ತ ಇಳಿಯುವ ಎ-ಲೈನ್ ಆಕಾರ: ಹೆಚ್ಚಿನ ಅಂಗಡಿಗಳಲ್ಲಿ ಈ ಒಂದೇ ಗೌನು ಏಳೆಂಟು ಹೆಸರಿನಲ್ಲಿ ತೂಗುತ್ತಿರುತ್ತದೆ. ಪ್ರತಿ ಸಲ ನೋಡಿದಾಗಲೂ ಅದು ಸುರಕ್ಷಿತ ಆಯ್ಕೆ ಅನ್ನಿಸುವುದೇ ಇದರ ತೊಂದರೆ.

ಖರೀದಿಗೆ ಹೋಗುವ ಮುಂಚೆ ಇರುವ ರ‍್ಯಾಕನ್ನು ಒಂದು ಹಾಳೆಯ ಮೇಲೆ ಚೌಕಗಳಲ್ಲಿ ಬರೆದುಕೊಳ್ಳಿ. ಅಡ್ಡಕ್ಕೆ ಆಕಾರ, ಉದ್ದಕ್ಕೆ ಬಟ್ಟೆ. ಪ್ರತಿ ಗೌನನ್ನೂ ಅದರ ಚೌಕದಲ್ಲಿಟ್ಟು, ಪಕ್ಕದಲ್ಲಿ ಕತ್ತಿನ ವಿನ್ಯಾಸ, ತೋಳು, ಬೆಲೆಯ ಮಟ್ಟ, ಸ್ಯಾಂಪಲ್ ಸೈಜ್ ಬರೆಯಿರಿ. 60 ಗೌನಿನ ಅಂಗಡಿ ಹೊಸದಾಗಿ ತೆರೆಯುವವರಿಗೆ ನಾನು ಹೇಳುವ ಹಂಚಿಕೆ ಇದು: ಎ-ಲೈನ್ 24, ಮೈಗೊತ್ತಿ ಮೊಣಕಾಲಿನ ಬಳಿ ಅರಳುವ ಮರ್ಮೇಡ್ ಮತ್ತು ಫಿಟ್ ಅಂಡ್ ಫ್ಲೇರ್ ಸೇರಿ 14, ನೇರ ಇಳಿಯುವ ಶೀತ್ 10, ಉಬ್ಬಿದ ಅಗಲ ಲಂಗದ ಬಾಲ್‌ಗೌನ್ 8, ಗಿಡ್ಡ ಉಡುಪು ಮತ್ತು ಮೇಲ್ಭಾಗ, ಲಂಗ ಬೇರೆಬೇರೆಯಾಗಿರುವ ಬಿಡಿ ಜೋಡಿಗಳು 4. ಇದು ಆರಂಭದ ಅಂದಾಜು ಮಾತ್ರ. ಆರು ತಿಂಗಳ ನಿಮ್ಮದೇ ದಾಖಲೆ ಸಿಕ್ಕ ಮೇಲೆ ಈ ಅಂಕಿಗಳನ್ನು ಬಿಟ್ಟುಬಿಡಿ. ಬೆಲೆಯ ವಿಷಯದಲ್ಲಿ, ನಿಮ್ಮ ಸರಾಸರಿ ಮಾರಾಟ ಬೆಲೆಯನ್ನು 100 ಎಂದಿಟ್ಟುಕೊಂಡರೆ, ಅರ್ಧಕ್ಕಿಂತ ಹೆಚ್ಚು ಗೌನುಗಳು 80ರಿಂದ 120ರ ಒಳಗಿರಲಿ. ಮೂರು ನಾಲ್ಕು ಗೌನು 160ರ ಮೇಲಿದ್ದರೆ ಸಾಕು.

ಈಗ ಸೈಜ್. ಅತಿ ಹೆಚ್ಚು ಮಾರಾಟ ಕಳೆದುಹೋಗುವುದು ಇಲ್ಲೇ, ಅದೂ ಯಾರಿಗೂ ತಿಳಿಯದ ಹಾಗೆ. ಅದೇ ಸೈಜ್ ನಂಬರಿನ ವಧುವಿನ ಗೌನು ದಿನಬಳಕೆಯ ಬಟ್ಟೆಗಿಂತ ಒಂದೆರಡು ಮೆಟ್ಟಿಲು ಚಿಕ್ಕದಾಗಿರುತ್ತದೆ. ಬೇರೆ ಕಡೆ 10 ಹಾಕುವವಳಿಗೆ ಇಲ್ಲಿ 12 ಅಥವಾ 14 ಬೇಕಾಗುತ್ತದೆ. ಸಾಲದ್ದಕ್ಕೆ ತಯಾರಕರಿಂದ ತಯಾರಕರಿಗೆ ಅಳತೆಯ ಪಟ್ಟಿಯೇ ಬೇರೆ. ಆದ್ದರಿಂದ ನಂಬರು ನೋಡಿ ತರಿಸದೆ, ಎದೆ, ಸೊಂಟ, ನಿತಂಬದ ಅಳತೆಯನ್ನು ಸೆಂಟಿಮೀಟರಿನಲ್ಲಿ ಹೋಲಿಸಿ ತರಿಸಿ.

ದೊಡ್ಡ ಗೌನನ್ನು ಬೆನ್ನಿನ ಕಡೆ ಕ್ಲಿಪ್ ಹಾಕಿ ಚಿಕ್ಕದಾಗಿ ತೋರಿಸಬಹುದು, ಚಿಕ್ಕದನ್ನು ದೊಡ್ಡದಾಗಿ ತೋರಿಸುವುದು ಕಷ್ಟ. ಆದರೆ ಕ್ಲಿಪ್ಪಿಗೂ ಮಿತಿಯಿದೆ. ಮೂರು ಸೈಜ್ ಮೀರಿ ಎಳೆದರೆ ಪಕ್ಕದ ಹೊಲಿಗೆ ಬೆನ್ನಿಗೆ ಸರಿಯುತ್ತದೆ, ಕತ್ತಿನ ಭಾಗ ಬಾಯಿ ತೆರೆಯುತ್ತದೆ, ಎದೆಯ ಕಪ್‌ಗಳು ಕಂಕುಳ ಕಡೆ ಹೋಗುತ್ತವೆ. ಆಗ ವಧು ನೋಡುತ್ತಿರುವುದು ವಿನ್ಯಾಸಕಾರ ಮಾಡಿದ ಗೌನೇ ಅಲ್ಲ. 60ರಲ್ಲಿ 40 ಮಧ್ಯದ ಸೈಜಿನಲ್ಲಿ, ಕನಿಷ್ಠ 15 ದೊಡ್ಡ ಸೈಜಿನಲ್ಲಿ, ಉಳಿದವು ಚಿಕ್ಕದರಲ್ಲಿ ಇರಲಿ. ಆ 15ರಲ್ಲಿ ಎಲ್ಲ ಆಕಾರಗಳೂ ಇರಬೇಕು. ದೊಡ್ಡ ಮೈಯ ವಧುವಿಗೆ ತೋಳಿರುವ ಎ-ಲೈನ್ ಮಾತ್ರ ತೋರಿಸಿ ಕಳಿಸುವುದು ಅವಳಿಗೆ ಮಾಡುವ ಅನ್ಯಾಯ. ಅವಳೂ ಮರ್ಮೇಡ್ ಹಾಕಿ ನೋಡಲೆಂದೇ ಬಂದಿರಬಹುದು.

ದೊಡ್ಡ ಸೈಜಿನ ಗೌನು ತರಿಸುವಾಗ ಒಳಗಡೆ ತಿರುಗಿಸಿ ನೋಡಿ. ಚಿಕ್ಕ ಸೈಜಿನ ಪ್ಯಾಟರ್ನನ್ನೇ ಹಿಗ್ಗಿಸಿದ್ದಾರೋ, ಬೇರೆಯಾಗಿ ಕತ್ತರಿಸಿದ್ದಾರೋ ಎನ್ನುವುದು ಒಳಗಿನ ಕಟ್ಟಿನಲ್ಲೇ ಗೊತ್ತಾಗುತ್ತದೆ. ಮೇಲ್ಭಾಗವನ್ನು ನೆಟ್ಟಗೆ ನಿಲ್ಲಿಸುವ ಒಳಕಡ್ಡಿಗಳು, ಅಂದರೆ ಬೋನಿಂಗ್, ಹೆಚ್ಚಿರಬೇಕು, ಸೊಂಟಕ್ಕೆ ಒಳಪಟ್ಟಿ ಇರಬೇಕು, ಭುಜದ ಪಟ್ಟಿ ಅಗಲವಾಗಿರಬೇಕು, ಮೇಲ್ಭಾಗಕ್ಕೆ ಪವರ್ ಮೆಶ್ ಎಂಬ ಬಿಗಿಯಾದ, ಹಿಗ್ಗುವ ಜಾಲರಿ ಬಟ್ಟೆಯ ಒಳಪದರ ಇರಬೇಕು. ಇವು ಇಲ್ಲದ ಗೌನು ನಡೆದಾಡಿದ ಐದು ನಿಮಿಷಕ್ಕೆ ಕೆಳಗೆ ಜಾರುತ್ತದೆ. ಬೆನ್ನಿಗೆ ಲಾಡಿ ಹೆಣೆಯುವ ಮಾದರಿ ಇದ್ದರೆ ಸ್ಯಾಂಪಲ್‌ಗೆ ಅದೇ ವಾಸಿ. ಒಂದೇ ಗೌನು ಮೂರು ನಾಲ್ಕು ಸೈಜಿನವರಿಗೆ ಆಗುತ್ತದೆ, ಜಿಪ್ ಹರಿಯುವ ಭಯವೂ ಇಲ್ಲ. ಸ್ಯಾಂಪಲ್‌ಗಳಲ್ಲಿ ಮೊದಲು ಸೋಲುವುದು ಜಿಪ್ಪೇ.

ಬಟ್ಟೆಯನ್ನು ಹ್ಯಾಂಗರಿನಲ್ಲಿ ನೋಡುವುದಕ್ಕೂ ಮೈಮೇಲೆ ನೋಡುವುದಕ್ಕೂ ಅಜಗಜಾಂತರ. ಕ್ರೇಪ್ ಹ್ಯಾಂಗರಿನಲ್ಲಿ ಸತ್ತಂತೆ ಕಾಣುತ್ತದೆ, ಮೈಮೇಲೆ ಏರಿದಾಗ ಜೀವ ಬರುತ್ತದೆ. ಆದ್ದರಿಂದ ವಧುಗಳು ಅದನ್ನು ತಾವಾಗಿ ಎಳೆದು ತೆಗೆಯುವುದಿಲ್ಲ, ಅಂಗಡಿಯವರೇ ಹಾಕಿಸಬೇಕು. ಒಳ ಉಡುಪಿನ ಗೆರೆ, ಒಳಹೊಲಿಗೆಯ ಉಬ್ಬು ಎಲ್ಲವನ್ನೂ ಕ್ರೇಪ್ ಹೊರಗೆ ತೋರಿಸಿಬಿಡುತ್ತದೆ, ಹಾಗಾಗಿ ದಪ್ಪ ಕ್ರೇಪ್, ಪೂರ್ತಿ ಒಳಪದರ ಇರುವುದನ್ನೇ ತೆಗೆದುಕೊಳ್ಳಿ. ಮಿಕಾಡೊ ತಾನೇ ನಿಲ್ಲುವ ಬಟ್ಟೆ, ಮೈಯ ಏರಿಳಿತವನ್ನು ಮರೆಮಾಡುತ್ತದೆ, ಆದರೆ ಮಡಿಕೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ. ಸ್ಯಾಟಿನ್‌ನಲ್ಲಿ ಬಿಚ್ಚಿದ ಹೊಲಿಗೆಯ ಸೂಜಿತೂತು ಉಳಿಯುತ್ತದೆ. ರೇಷ್ಮೆ ಸ್ಯಾಟಿನ್ ಆದರೆ ನೀರಿನ ಹನಿಯೂ ಕಲೆ ಮಾಡುತ್ತದೆ. ದಿನಕ್ಕೆ ನಾಲ್ಕು ಜನ ಹಾಕಿ ತೆಗೆಯುವ ಸ್ಯಾಂಪಲ್‌ಗೆ ಅದು ಯೋಚಿಸಿ ತೆಗೆದುಕೊಳ್ಳಬೇಕಾದ ಬಟ್ಟೆ. ಟ್ಯೂಲ್ ಉಂಗುರಕ್ಕೆ, ಹಿಮ್ಮಡಿಗೆ ಸಿಕ್ಕಿ ಹರಿಯುತ್ತದೆ, ಆದರೆ ಪದರ ಬದಲಿಸುವುದು ಸುಲಭ. ಗ್ಲಿಟರ್ ಟ್ಯೂಲ್ ಪಕ್ಕದ ಗೌನುಗಳಿಗೆಲ್ಲ ಮಿನುಗು ಉದುರಿಸುತ್ತದೆ, ಚೀಲದೊಳಗೆ ಬೇರೆಯಾಗಿಡಿ. ಪ್ಲಾಸ್ಟಿಕ್ ಮಿಂಚುಬಿಲ್ಲೆಗಳ ಹತ್ತಿರ ಸ್ಟೀಮರ್ ಹಿಡಿದರೆ ಅವು ಸುರುಟಿಕೊಳ್ಳುತ್ತವೆ.

ಮಣಿಕೆಲಸದ ಗೌನನ್ನು ಕೈಯಲ್ಲಿ ಎತ್ತಿ ತೂಗಿ ನೋಡದೆ ಆರ್ಡರ್ ಮಾಡಬೇಡಿ. 4 ಕಿಲೋ ದಾಟಿದ ಗೌನಿಗೆ ಭುಜದಲ್ಲಿ ತೆಳು ಪಟ್ಟಿಯಿದ್ದರೆ ಹಾಕಿದವರೆಲ್ಲ ಮೆಚ್ಚುತ್ತಾರೆ, ಕೊಳ್ಳುವವರು ಕಡಿಮೆ. ಕಂಕುಳ ಕೆಳಗೆ ಮಣಿ ಇದೆಯೇ ಎಂದೂ ನೋಡಿ. ತೋಳು ಉಜ್ಜಿ ಕೆಂಪಾಗುವ ಗೌನನ್ನು ಯಾರೂ ಎಂಟು ಗಂಟೆ ಹಾಕಿಕೊಳ್ಳಲಾರರು.

ಬಣ್ಣದಲ್ಲಿ ಒಂದು ಸಾಮಾನ್ಯ ತಪ್ಪು: ಪ್ರದರ್ಶನದಲ್ಲಿ ಮಾಡೆಲ್ ತೊಟ್ಟ ಬಣ್ಣವನ್ನೇ ತರಿಸುವುದು. ನಸುಗುಲಾಬಿ ಒಳಪದರದ ಗೌನು ವೇದಿಕೆಯ ಬೆಳಕಿನಲ್ಲಿ ಮೋಹಕ. ಆದರೆ ನಿಮ್ಮ ವಧುಗಳು ಐವರಿ, ಅಂದರೆ ದಂತದ ಬಿಳುಪು, ಕೇಳುವವರಾದರೆ, ‘ಇದೇ ಐವರಿಯಲ್ಲೂ ಬರುತ್ತದೆ’ ಎಂದು ಬಟ್ಟೆಯ ತುಂಡು ತೋರಿಸಿ ಒಪ್ಪಿಸುವುದು ಪ್ರಯಾಸದ ಕೆಲಸ. ಹೆಚ್ಚು ಆರ್ಡರ್ ಆಗುವ ಬಣ್ಣದಲ್ಲೇ ಸ್ಯಾಂಪಲ್ ಇರಲಿ.

ತಯಾರಕರೊಡನೆ ಮಾತಾಡುವಾಗ ಗೌನಿನ ಮುಂಚೆ ಕರಾರು ನೋಡಿ. ಮೊದಲ ಖರೀದಿಗೆ ಕನಿಷ್ಠ ಎಷ್ಟು ಸ್ಯಾಂಪಲ್, ವರ್ಷಕ್ಕೆ ಕನಿಷ್ಠ ಎಷ್ಟು? ಆ ಲೆಕ್ಕದಲ್ಲಿ ವಧುಗಳ ಆರ್ಡರ್ ಸೇರುತ್ತದೆಯೇ ಇಲ್ಲವೇ? ಎಷ್ಟು ದೂರದೊಳಗೆ ಬೇರೆ ಅಂಗಡಿಗೆ ಕೊಡುವುದಿಲ್ಲ? ಉದ್ದ ಹೆಚ್ಚಿಸಲು, ದೊಡ್ಡ ಸೈಜಿಗೆ, ಕತ್ತು ಬದಲಿಸಲು, ಬೇಗ ಕಳಿಸಲು ಎಷ್ಟೆಷ್ಟು ಹೆಚ್ಚುವರಿ? ಮಾದರಿ ನಿಲ್ಲಿಸುವ ಮುಂಚೆ ಎಷ್ಟು ದಿನದ ಸೂಚನೆ? ಅವರೇ ವಧುಗಳಿಗೆ ನೇರ ಮಾರುತ್ತಾರೆಯೇ? ಇದೆಲ್ಲ ಬರಹದಲ್ಲಿರಲಿ. ಹಾಗೆಯೇ ತಯಾರಕರ ಸಂಖ್ಯೆ ಕಡಿಮೆಯಿರಲಿ, 60 ಗೌನಿಗೆ ನಾಲ್ಕೈದು ಜನ ಸಾಕು. ಹತ್ತು ಜನರ ಕನಿಷ್ಠ ಖರೀದಿ ತುಂಬಿಸಲು ಹೋದರೆ ನಿಮಗೆ ಬೇಡದ ಗೌನುಗಳೇ ಅರ್ಧ ರ‍್ಯಾಕ್ ತುಂಬುತ್ತವೆ. ಬಜೆಟ್ಟಿನ ಐದನೇ ಒಂದು ಭಾಗ ಖರ್ಚು ಮಾಡದೆ ಇಟ್ಟುಕೊಳ್ಳಿ, ಋತುವಿನ ನಡುವೆ ಕಾಣಿಸಿಕೊಳ್ಳುವ ಖಾಲಿ ಚೌಕಕ್ಕೆ ಅದು ಬೇಕಾಗುತ್ತದೆ.

ಇಂದು ಆರ್ಡರ್ ಕೊಟ್ಟ ಸ್ಯಾಂಪಲ್ ಕೆಲವು ತಿಂಗಳಿಗೆ ಬರುತ್ತದೆ, ಅದನ್ನು ನೋಡಿ ಒಪ್ಪಿದ ವಧು ತೊಡುವುದು ಇನ್ನೂ ಎಂಟೊಂಬತ್ತು ತಿಂಗಳಿಗೆ. ಹೀಗಾಗಿ ಈ ಕ್ಷಣದ ಹೊಸ ಅಲೆಯನ್ನು ಪೂರ್ತಿ ಗೌನಿನಲ್ಲಿ ಕೊಳ್ಳುವುದಕ್ಕಿಂತ ಬಿಚ್ಚಿಡಬಹುದಾದ ತೋಳು, ಮೇಲ್ಲಂಗ, ಗಿಡ್ಡ ಜಾಕೆಟ್ಟುಗಳಲ್ಲಿ ಕೊಳ್ಳುವುದು ಜಾಣತನ. ಒಂದು ಸರಳ ಗೌನಿಗೆ ಎರಡು ಜೊತೆ ತೋಳು ಇದ್ದರೆ ರ‍್ಯಾಕಿನಲ್ಲಿ ಮೂರು ಗೌನಿದ್ದಂತೆ.

ಸ್ಯಾಂಪಲ್ ಬಂದ ದಿನವೇ ಜಿಪ್ಪನ್ನು ಐದು ಸಲ ಮೇಲೆ ಕೆಳಗೆ ಓಡಿಸಿ, ಅಂಗೈಯಿಂದ ಮಣಿಗಳ ಮೇಲೆ ಸವರಿ, ಅಳತೆಪಟ್ಟಿಯೊಡನೆ ಎದೆ ಸೊಂಟ ತಾಳೆ ನೋಡಿ. ದೋಷ ತಿಳಿಸಲು ತಯಾರಕರು ಕೊಡುವ ಅವಧಿ ಚಿಕ್ಕದು. ಭುಜದ ಪಟ್ಟಿಯಿಂದ ತೂಗುಹಾಕಬೇಡಿ, ಒಳಗಿನ ಲೂಪಿನಿಂದ ಹಾಕಿ, ಇಲ್ಲದಿದ್ದರೆ ಭುಜ ಇಳಿಬೀಳುತ್ತದೆ.

ನಂತರದ್ದೆಲ್ಲ ದಾಖಲೆ. ಪ್ರತಿ ಗೌನಿಗೆ ಎರಡು ಅಂಕಿ: ಎಷ್ಟು ಜನ ಹಾಕಿದರು, ಎಷ್ಟು ಆರ್ಡರ್ ಬಂತು. 20 ಜನ ಹಾಕಿ ಒಂದೂ ಆರ್ಡರ್ ಇಲ್ಲದಿದ್ದರೆ ಕಣ್ಣಿಗೆ ಹಿಡಿಸುತ್ತಿದೆ, ಮೈಗೆ ಅಥವಾ ಜೇಬಿಗೆ ಹಿಡಿಸುತ್ತಿಲ್ಲ ಎಂದರ್ಥ. ಬೇಡವೆಂದವರು ಹೇಳಿದ ಕಾರಣವನ್ನು ಬರೆದಿಟ್ಟರೆ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಮೂವರು ಹಾಕಿ ಇಬ್ಬರು ಕೊಂಡಿದ್ದರೆ ಆ ಗೌನು ಮೂಲೆಯಲ್ಲಿ ಅಡಗಿದೆ, ಮುಂದೆ ತನ್ನಿ. ಆರು ತಿಂಗಳಲ್ಲಿ ಯಾರೂ ಮುಟ್ಟದಿದ್ದರೆ ಶುಚಿ ಮಾಡಿಸಿ, ಹರಿದಲ್ಲಿ ಹೊಲಿಸಿ, ರಿಯಾಯಿತಿಯ ಸಾಲಿಗೆ ಕಳಿಸಿ. ಮದುವೆಗೆ ಮೂರೇ ತಿಂಗಳು ಉಳಿದಿರುವ ವಧುವಿಗೆ ಕೂಡಲೇ ಒಯ್ಯಬಹುದಾದ ಆ ಸಾಲೇ ಆಸರೆ. ತಯಾರಕರಿಂದ ಮಾದರಿ ನಿಲ್ಲಿಸುವ ಸೂಚನೆ ಬಂದರೆ ಕೊನೆಯ ಆರ್ಡರಿನ ದಿನಾಂಕವನ್ನು ಟ್ಯಾಗಿನ ಮೇಲೆ ಬರೆಯಿರಿ, ಆ ದಿನ ಸಂಜೆಯೇ ಗೌನನ್ನು ಮುಖ್ಯ ರ‍್ಯಾಕಿನಿಂದ ಇಳಿಸಿ. ಮರುದಿನ ಬಂದ ವಧು ಅದನ್ನೇ ಮೆಚ್ಚಿದರೆ ಅವಳ ಅಳತೆಗೆ ತರಿಸಿಕೊಡಲು ಆಗುವುದಿಲ್ಲ.