ನಜಾರೆಯಲ್ಲಿ ಮೀನು ಒಣಗುವ ಹೊತ್ತು

ಲಿಸ್ಬನ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿರುವ ಪೋರ್ಚುಗಲ್‌ನ ಕಡಲೂರು ನಜಾರೆಗೆ ರೈಲು ನೆಚ್ಚಿಕೊಳ್ಳಬೇಡಿ. ಹತ್ತಿರದ ನಿಲ್ದಾಣವೇ ಊರಿನಿಂದ ಐದಾರು ಕಿ.ಮೀ. ಆಚೆಗಿದೆ. ಲಿಸ್ಬನ್‌ನ ಸೆತೆ ರಿಯೊಸ್ ನಿಲ್ದಾಣದಲ್ಲಿ ಬಸ್ ಹತ್ತಿದರೆ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ದೈತ್ಯ ಅಲೆ ನೋಡಬೇಕೆಂದರೆ ಅಕ್ಟೋಬರ್‌ನಿಂದ ಮಾರ್ಚ್, ಕಡಲಿಗಿಳಿಯಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್. ಒಂದೇ ರಜೆಯಲ್ಲಿ ಎರಡೂ ಆಗುವ ಮಾತಲ್ಲ. ಊರನ್ನೇ ನೋಡಬೇಕೆನ್ನುವವರಿಗೆ ಆಗಸ್ಟಿನ ಜಂಗುಳಿ ಇಳಿದ ಸೆಪ್ಟೆಂಬರ್ ವಾಸಿ.

ಬೆಳಿಗ್ಗೆ ಮೊದಲು ಮೀನು ಒಣಗಿಸುವ ಜಾಗಕ್ಕೆ ಹೋಗಿ. ಮರಳಿನ ಮೇಲೆ ಸಾಲಾಗಿ ನಿಂತ, ಬಲೆ ಬಿಗಿದ ಮರದ ಚೌಕಟ್ಟುಗಳಿಗೆ ಪನೈರು ಎನ್ನುತ್ತಾರೆ. ಹೆಂಗಸರು ಮೀನನ್ನು ಸೀಳಿ, ಕರುಳು ತೆಗೆದು, ತೊಳೆದು, ಉಪ್ಪುನೀರಿನಲ್ಲಿ ನೆನೆಸಿ, ಪುಸ್ತಕ ಬಿಚ್ಚಿಟ್ಟಂತೆ ಅಗಲಿಸಿ ಅದರ ಮೇಲೆ ಹರಡುತ್ತಾರೆ. ಬಲೆಯ ಕೆಳಗೂ ಗಾಳಿ ಆಡುವುದರಿಂದ ಎರಡೂ ಮೈ ಒಣಗುತ್ತದೆ. ಹೆಚ್ಚಾಗಿ ಕಾಣುವುದು ಕರಪೌ. ನೋಡಲು ಬಂಗುಡೆಯಂತಿದ್ದರೂ ಇದರ ಪಕ್ಕೆಯುದ್ದಕ್ಕೂ ಬಾಲದವರೆಗೆ ಗಡಸು ಹುರುಪೆಯ ಗೆರೆಯಿದೆ, ಬೆರಳಾಡಿಸಿದರೆ ಗೀರುತ್ತದೆ. ಎರಡು ಮೂರು ದಿನ ಬಿಸಿಲು ಕಂಡದ್ದು ಪೂರ್ತಿ ಒಣಮೀನು. ಅರೆ ಒಣಗಿದ್ದಕ್ಕೆ ‘ಎಂಜೊಆದು’ ಎಂದು ಬೇರೆಯೇ ಹೆಸರು. ಅದನ್ನು ಬೇಯಿಸಿಯೋ ಸುಟ್ಟೋ ತಿನ್ನಬೇಕು, ಬಹಳ ದಿನ ಇಡಲಾಗದು. ಬೇಸಿಗೆಯ ಬೆಳಿಗ್ಗೆ ಇಲ್ಲಿ ಮಂಜು ಕವಿಯುವುದುಂಟು. ಆಗ ಹಸಿ ಆರುವುದು ತಡವಾಗುತ್ತದೆ. ಉಪ್ಪು ಕಡಿಮೆಯಾಗಿದ್ದರಂತೂ ಮೀನು ಕೆಡುತ್ತದೆ. ಕೊಳ್ಳುವಾಗ ಬೆನ್ನೆಲುಬಿನ ಪಕ್ಕ ಒತ್ತಿ ನೋಡಿ, ಮೆತ್ತಗಿದ್ದರೆ ಇನ್ನೂ ಒಣಗಿಲ್ಲ.

1980ರ ದಶಕದಲ್ಲಿ ಬಂದರು ಆಗುವವರೆಗೆ ದೋಣಿಗಳನ್ನು ಈ ಮರಳಿಗೇ ಎಳೆದು ತರುತ್ತಿದ್ದರು, ಮೊದಲು ಎತ್ತು ಕಟ್ಟಿ, ಆಮೇಲೆ ಟ್ರ್ಯಾಕ್ಟರಿನಿಂದ. ದಡಕ್ಕೆ ಬಲೆ ಎಳೆಯುವ ‘ಆರ್ತೆ ಶಾವೆಗ’ವನ್ನು ಬೇಸಿಗೆಯಲ್ಲಿ ಪ್ರದರ್ಶನಕ್ಕಾಗಿ ಈಗಲೂ ಮಾಡುತ್ತಾರೆ. ರಂಪಣಿ ಕಂಡ ಕರಾವಳಿಯವರಿಗೆ ವಿವರಣೆಯೇ ಬೇಡ.

ಮಧ್ಯಾಹ್ನ 1889ರಿಂದ ಇರುವ ಇಳಿಜಾರು ರೈಲಿನಲ್ಲಿ ಬಂಡೆಯ ಮೇಲಿನ ‘ಸೀತಿಯು’ ಎಂಬ ಕೇರಿಗೆ ಹತ್ತಿ, ಕೋಟೆಯ ದೀಪಸ್ತಂಭದವರೆಗೆ ನಡೆಯಿರಿ. ಅದರ ಆಚೆ ಬದಿಯ ಉತ್ತರ ದಂಡೆಯಲ್ಲೇ ಸೆಬಾಸ್ಟಿಯನ್ ಸ್ಟಾಯ್ಟ್ನರ್ 2020ರಲ್ಲಿ 26.21 ಮೀಟರ್ ಅಲೆಯ ಮೇಲೆ ಸರ್ಫಿಂಗ್ ಮಾಡಿ ದಾಖಲೆ ಬರೆದದ್ದು. ಕಡಲಡಿಯ ಆಳವಾದ ಕಣಿವೆ ದಡದ ತೀರಾ ಹತ್ತಿರದವರೆಗೆ ಬಂದಿದೆ. ಆಳದಲ್ಲಿ ಅಲೆಯ ವೇಗ ತಗ್ಗುವುದಿಲ್ಲ, ಪಕ್ಕದ ಕಡಿಮೆ ಆಳದಲ್ಲಿ ತಗ್ಗುತ್ತದೆ. ಎರಡೂ ಬಾಗಿ ಒಂದರ ಮೇಲೊಂದು ಸೇರಿದಾಗ ಎತ್ತರ ಏರುತ್ತದೆ. ಅಲೆ ಸಣ್ಣದೆಂದು ಕಂಡ ದಿನವೂ ಆ ಬದಿಯಲ್ಲಿ ಈಜಬೇಡಿ. ಊರಿನ ಮುಂದಿನ ದಂಡೆಯೇ ಸಾಕು. ಅಲ್ಲೂ ಬಾವುಟ ನೋಡಿ: ಹಳದಿ ಇದ್ದರೆ ಈಜುವಂತಿಲ್ಲ, ಕೆಂಪಿದ್ದರೆ ನೀರಿಗೇ ಇಳಿಯುವಂತಿಲ್ಲ. ಬೇಸಿಗೆಯಲ್ಲೂ ನೀರು ಮೈ ನಡುಗಿಸುವಷ್ಟು ತಣ್ಣಗೆ.

ಸಂಜೆ ಊಟಕ್ಕೆ ಕಲ್ಲುಪ್ಪು ಹಚ್ಚಿ ಕೆಂಡದ ಮೇಲೆ ಸುಟ್ಟ ಭೂತಾಯಿ. ಇಡೀ ಮೀನೇ ಬರುತ್ತದೆ, ಹೊಟ್ಟೆಯ ಭಾಗ ಬದಿಗಿಟ್ಟು ತಿನ್ನಿ. ಕೇಳದೆಯೇ ತಂದಿಡುವ ಬ್ರೆಡ್ಡು, ಆಲಿವ್ ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಆಗಲೇ ವಾಪಸು ಕಳಿಸಿ. ದೊಡ್ಡ ಮೀನಿನ ದರ ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ, ಆದ್ದರಿಂದ ಒಲೆಗೆ ಹಾಕುವ ಮೊದಲೇ ತೂಗಿಸಿ ಬೆಲೆ ಕೇಳಿಕೊಳ್ಳಿ.