ಉಪ್ಪು ಹಾಕಿ ಎರಡು ರಾತ್ರಿ ಕಾದಿದ್ದು

ಚೆನ್ನೈಲಿ ಪಿಎಚ್‌ಡಿ ಸೇರಿ ಒಂದು ವರ್ಷ ಆಗಿತ್ತು. ಕೆಲಸ ಮೀಥೇನ್ ಹೈಡ್ರೇಟ್ ಮೇಲೆ, ಅಂದ್ರೆ ನೀರಿನ ಅಣುಗಳೇ ಗೂಡು ಕಟ್ಕೊಂಡು ಒಳಗೆ ಗ್ಯಾಸ್ ಕೂರಿಸ್ಕೊಳ್ಳೋ ಐಸ್ ಥರದ್ದು, 2006ರಲ್ಲಿ ಕೃಷ್ಣಾ-ಗೋದಾವರಿ ಕಡೆ ಸಮುದ್ರದ ತಳ ಕೊರೆದಾಗ ಸಿಕ್ತಲ್ಲ, ಅದೇ. ಬರೀ ನೀರಲ್ಲಿ ಮಾಡೋದು ನಂಗೆ ಕೈಗೆ ಕೂತಿತ್ತು. 50 ಬಾರ್ ಪ್ರೆಶರ್, 4 ಡಿಗ್ರಿ, ಕಲಕ್ತಾ ಇದ್ರೆ ಆಯ್ತು. ಸಮುದ್ರ ಅಂದ್ಮೇಲೆ ಉಪ್ಪು ಬೇಕಲ್ವಾ, 10% ಉಪ್ಪುನೀರು ಹಾಕಿ ಅದೇ ಸೆಟ್ಟಿಂಗಲ್ಲಿ ಬಿಟ್ಟು ಹೋದೆ.

ಸ್ಟೀಲ್ ಪಾತ್ರೆ, ಕಿಟಕಿ ಇಲ್ಲ, ಒಳಗೇನಾಗ್ತಿದೆ ಅಂತ ಪ್ರೆಶರ್ ಗೆರೆ ನೋಡಿನೇ ತಿಳ್ಕೋಬೇಕು, ಗ್ಯಾಸ್ ಗೂಡಿಗೆ ಸೇರ್ತಿದ್ರೆ ಅದು ಇಳೀಬೇಕು. ಬೆಳಿಗ್ಗೆ ನೋಡಿದ್ರೆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಎರಡನೇ ರಾತ್ರಿ ಲ್ಯಾಬಲ್ಲೇ ಕೂತೆ, ಲೀಕ್ ಇದ್ರೂ ಗೆರೆ ಇಳೀತಿತ್ತು, ಆದ್ರೂ ತಲೆ ಓಡದೆ ಒಂದೊಂದು ಜಾಯಿಂಟ್‌ಗೂ ಸೋಪ್‌ನೀರು ಹಚ್ಚಿ ನೋಡ್ದೆ, ಒಂದು ಗುಳ್ಳೆನೂ ಇಲ್ಲ.

ಸೀನಿಯರ್ ಅಕ್ಕ ಶಿವಮೊಗ್ಗದವರು, ಬಂದು ಪಾತ್ರೆ ತಣ್ಣಗಿಡೋ ಚಿಲ್ಲರ್ ನೋಡಿದ್ರು. "ನಾಲ್ಕರಲ್ಲಿ ಇಟ್ಟು ವರ್ಷಗಟ್ಲೆ ಕಾದ್ರೂ ಆಗಲ್ಲ ಕಣೋ." ಉಪ್ಪಿನ ಅಯಾನ್‌ಗಳು ನೀರನ್ನ ತಮ್ಮ ಸುತ್ತ ಎಳ್ಕೊಂಡುಬಿಡ್ತಾವೆ, ಗೂಡು ಕಟ್ಟೋಕೆ ಸುಲಭಕ್ಕೆ ಬಿಡಲ್ಲ. ಬರೀ ನೀರಲ್ಲಿ ಆ ಪ್ರೆಶರ್‌ಗೆ ಹೈಡ್ರೇಟ್ 6 ಡಿಗ್ರಿ ದಾಟೋವರೆಗೂ ಇರತ್ತೆ, 10% ಉಪ್ಪಿಗೆ ಆ ಗಡಿ ನಾಲ್ಕು ಡಿಗ್ರಿಗಿಂತ ಜಾಸ್ತಿನೇ ಕೆಳಗೆ ಬರತ್ತೆ. ನಾನು ಗಡಿಯ ಆಚೆ ನಿಂತು ಬಾಗಿಲು ತಟ್ತಿದ್ದೆ!

ಮೈನಸ್ 3ಕ್ಕೆ ಇಳಿಸಿದೆ. 10% ಉಪ್ಪುನೀರು ಹೆಪ್ಪುಗಟ್ಟೋದು ಮೈನಸ್ 6 ದಾಟಿದ ಮೇಲೆ, ಹಾಗಾಗಿ ಐಸ್ ಭಯ ಇಲ್ಲ. ಮಧ್ಯಾಹ್ನ ಊಟ ಮುಗಿಸಿ ಬರೋಷ್ಟರಲ್ಲಿ ಟೆಂಪರೇಚರ್ ಗೆರೆ ಸಣ್ಣಗೆ ಮೇಲಕ್ಕೆ ಜಿಗಿದಿತ್ತು, ಪ್ರೆಶರ್ ಜಾರ್ತಾ ಇತ್ತು. ಹೈಡ್ರೇಟ್ ಆಗೋವಾಗ ಶಾಖ ಬಿಡತ್ತೆ, ಆ ಜಿಗಿತ ನೋಡೋ ಖುಷಿನೇ ಬೇರೆ. ಆದ್ರೆ ಹರಳು ಉಪ್ಪನ್ನ ಒಳಗೆ ಸೇರಿಸಲ್ಲ, ಉಳಿದ ನೀರು ಇನ್ನೂ ಉಪ್ಪಾಗ್ತಾ ಹೋಗತ್ತೆ, ಅದಕ್ಕೇ ಗಡಿ ಅಳೆಯೋದು ಆಗೋವಾಗಲ್ಲ, ನಿಧಾನಕ್ಕೆ ಬಿಸಿ ಮಾಡಿ ಕೊನೇ ಹರಳು ಕರಗೋವಾಗ, ಆಗ ಉಪ್ಪು ಮತ್ತೆ ನಾವು ಹಾಕಿದಷ್ಟೇ.

0.1 ಡಿಗ್ರಿ ಹಾಗೆ ಏರಿಸ್ತಾ ಬಂದೆ. 2.3ರಲ್ಲಿ ಗೆರೆ ತಿರುಗ್ತು, ಅಂದ್ರೆ ಕೊನೇ ಹರಳು ಕರಗಿತ್ತು. ಅಕ್ಕ ಹುಬ್ಬು ಗಂಟಿಕ್ಕಿದ್ರು, 10%ಗೆ 2ಕ್ಕಿಂತ ಕೆಳಗೆ ಬರ್ಬೇಕಿತ್ತಂತೆ.

"ಉಪ್ಪು ಹತ್ತು ಗ್ರಾಂ ಹಾಕಿದ್ದು ತೊಂಬತ್ತು ಗ್ರಾಂ ನೀರಿಗಾ, ನೂರಕ್ಕಾ?"

ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರದಲ್ಲಿ, ನೀರು 100 ಗ್ರಾಂ. ಅಂದ್ರೆ 9.1%. ಅಕ್ಕ ಏನೂ ಹೇಳ್ಲಿಲ್ಲ, ಸ್ಪ್ಯಾನರ್ ಕೈಗೆ ಕೊಟ್ಟು ಹೋದ್ರು.